ಎಷ್ಟು ವಾಲಬಹುದು

ನಮ್ಮೂರಲ್ಲಿ ಸಮುದ್ರದ ಹೆಸರಿರುವುದು ಒಂದೇ ಕಡೆ,
ರೈಲ್ವೆ ನಿಲ್ದಾಣದ ಹಳದಿ ಹಲಗೆಯ ಮೂಲೆಯಲ್ಲಿ:
ಸಮುದ್ರ ಮಟ್ಟದಿಂದ ಆರುನೂರು ಚಿಲ್ಲರೆ ಮೀಟರು.
ಪ್ರತಿ ರಜೆಗೂ ಆ ಸಾಲು ಓದಿಕೊಂಡೇ ಇಳಿಯುತ್ತೇನೆ,
ಕೊಚ್ಚಿಯಿಂದ ತಂದ ನಕ್ಷೆಗಳ ಕೊಳವೆಯನ್ನು
ಎದೆಗವಚಿಕೊಂಡು.
ಆಟೋದವನು ಕೇಳುತ್ತಾನೆ, 'ಏನ್ರೀ ಅದು, ಬಂದೂಕಾ?'

ಮಾಗಾನಹಳ್ಳಿ ರಸ್ತೆ. ಹೊಟ್ಟಿನ ಹೊಗೆ.
ಮಂಡಕ್ಕಿ ಭಟ್ಟಿಯ ಗೋಡೆ, ಕಣ್ರೆಪ್ಪೆ, ಒಣಹಾಕಿದ ಬಟ್ಟೆ
ಎಲ್ಲಕ್ಕೂ ಒಂದೇ ಬಣ್ಣ.
ಖೈರುನ್ ಚಾಚಿ ಜರಡಿ ನಿಲ್ಲಿಸದೆ
'ಹಡಗು ಕಟ್ಟಿದ್ಯೇನೇ ಮುಬೀನಾ?' ಎನ್ನುತ್ತಾಳೆ,
ಹೂವು ಕಟ್ಟಿದ್ಯಾ ಅನ್ನುವ ದನಿಯಲ್ಲಿ.
ಇನ್ನೂ ಇಲ್ಲ ಚಾಚಿ. ಮೂರು ವರ್ಷಕ್ಕೆ
ಒಂದು ಮೇಣದ ಮಾದರಿ, ಮೊಳಕ್ಕಿಂತ ಚೂರು ಉದ್ದ,
ಅದೂ ರೈಲಿನ ಸೆಕೆಗೆ ಮೂತಿ ಸೊಟ್ಟಗಾಗಿದೆ.
ತರಗತಿಯಲ್ಲಿ ಮೊದಲ ದಿನ ಕೇಳಿದ್ದರು,
ಕಡಲನ್ನು ಮೊದಲು ನೋಡಿದ್ದು ಯಾವಾಗ?
ಮೀನುಗಾರರ ಮಕ್ಕಳ ನಡುವೆ ಎದ್ದು ನಿಂತು ಹೇಳಿದ್ದೆ:
ಕೌನ್ಸೆಲಿಂಗಿಗೆ ಬಂದ ದಿನ.

ಭತ್ತ ನೆನೆಹಾಕಿದ ತೊಟ್ಟಿಯ ಬಳಿ ಅಬ್ಬಾ
ಅಂಗೈಯಿಂದ ನೀರಿನ ಮೈ ಸವರಿ ಜೊಳ್ಳು ತೆಗೆಯುತ್ತಾರೆ.
ನಲವತ್ತು ವರ್ಷದ ಲೆಕ್ಕ ಅದು:
ಮುಳುಗಿದ್ದು ಕಾಳು, ತೇಲಿದ್ದು ಜೊಳ್ಳು.
ಅವರ ಮಗಳು ಫೀಸು ಕಟ್ಟಿ ಕಲಿಯುತ್ತಿರುವುದು
ತೇಲಿಸುವುದನ್ನು.
ಮೊದಲ ವರ್ಷ ಇದನ್ನು ವಿವರಿಸಿದಾಗ
ಬಹಳ ಹೊತ್ತು ಸುಮ್ಮನಿದ್ದು
'ಕಬ್ಬಿಣದಲ್ಲಿ ಜೊಳ್ಳು ಮಾಡ್ತಾರೆ ಅನ್ನು' ಅಂದಿದ್ದರು.
ಅದನ್ನು ನೋಟ್ಸಿನ ಅಂಚಲ್ಲಿ ಬರೆದಿಟ್ಟಿದ್ದೇನೆ,
ಆರ್ಕಿಮಿಡಿಸನ ಪಕ್ಕ.

ಈ ಸಲ ರಾತ್ರಿ, ಭಟ್ಟಿ ಆರಿದ ಮೇಲೆ,
ಭತ್ತ ಎತ್ತಿದ ತೊಟ್ಟಿಗೆ ಹೊಸ ನೀರು ಬಿಟ್ಟು
ಮಾದರಿಯನ್ನಿಳಿಸಿದೆ. ಅಬ್ಬಾ ಟಾರ್ಚು ಹಿಡಿದರು.
ನಡುವೆ ಕಡ್ಡಿ ನೆಟ್ಟು, ಅಮ್ಮಿಯ ಹೊಲಿಗೆ ದಾರಕ್ಕೆ
ಸೀಸದ ಗುಂಡು ಕಟ್ಟಿ ತೂಗಬಿಟ್ಟು,
ತಕ್ಕಡಿಯ ಐವತ್ತು ಗ್ರಾಮಿನ ಬಟ್ಟನ್ನು
ಎಡದಿಂದ ಬಲಕ್ಕೆ ಸರಿಸಿ ಅಂದೆ.
ಸರಿಸಿದರು.
ದಾರ ವಾಲಿದಂತೆ ಕಂಡಿತು; ವಾಲಿದ್ದು ಹಡಗು.
ಅಳತೆಪಟ್ಟಿಯ ಮೇಲೆ ಏಳು ಮಿಲಿಮೀಟರು.
ಇನ್ನೊಂದು ಬಟ್ಟು. ಹದಿನಾಲ್ಕು.
ಮೂರನೆಯದಕ್ಕೆ ಕೈ ನಡುಗಿ ಟಾರ್ಚು ನೀರಿಗೆ ಬಿತ್ತು.
ಕತ್ತಲಲ್ಲಿ ನಾವಿಬ್ಬರು,
ತಳದಲ್ಲಿ ಬಿದ್ದೂ ಉರಿಯುತ್ತಿದ್ದ ಬೆಳಕು,
ಅದರ ಮೇಲೆ ಹಡಗಿನ ಕಪ್ಪು ಹೊಟ್ಟೆ
ಆ ಕಡೆ, ಈ ಕಡೆ.

'ಬೇಗ ನೆಟ್ಟಗಾದ್ರೆ ಒಳ್ಳೇದಲ್ವಾ?'
ಅಲ್ಲ ಅಬ್ಬಾ. ತೀರಾ ಬೇಗ ನೆಟ್ಟಗಾಗುವ ಹಡಗು
ಒಳಗಿನವರನ್ನು ಗೋಡೆಗೆ ಬಡಿಯುತ್ತದೆ.
ತೀರಾ ನಿಧಾನವಾದರೆ ಒಂದು ದಿನ ಏಳುವುದೇ ಇಲ್ಲ.
ಅವರು ಭುಜದ ತನಕ ತೋಳು ಮುಳುಗಿಸಿ
ಟಾರ್ಚು ಮೇಲೆತ್ತಿದರು.
'ಪರವಾಗಿಲ್ಲ, ಚೈನಾ ಮಾಲು' ಅಂದರು.

ಬೆಳಿಗ್ಗೆ ಟಿವಿಎಸ್ ಮೇಲೆ ಚೀಲ ಏರಿಸುತ್ತಿದ್ದರು.
ಒಂಬತ್ತು ಚೀಲ ಮಂಡಕ್ಕಿ; ಭಾರವಿಲ್ಲ, ಬರೀ ಎತ್ತರ.
ಹಗ್ಗ ಬಿಗಿದು, ಸೊಂಟದಿಂದ ಮೆಲ್ಲಗೆ ಒಂದು ತಳ್ಳು.
ಆ ಬಿಳಿ ಗೋಪುರ ಆಚೆ ಹೋಗಿ ಈಚೆ ಬರುವ ತನಕ
ತುಟಿಯಲ್ಲೇ ಏನೋ ಎಣಿಸಿದರು.
ದುವಾ ಅಂದುಕೊಂಡಿದ್ದೆ, ಇಷ್ಟು ವರ್ಷ.
ಮೇಲಿನ ಚೀಲ ಬಿಚ್ಚಿ ಕಾಲ ಬಳಿ ಇಟ್ಟುಕೊಂಡು
ಇನ್ನೊಮ್ಮೆ ತಳ್ಳಿ, ಇನ್ನೊಮ್ಮೆ ಎಣಿಸಿ
ಕಿಕ್ ಹೊಡೆದರು.

'ಎಷ್ಟು ಬಂತು ಅಬ್ಬಾ?' ಕೂಗಿದೆ.
ಗಾಡಿಯ ಸದ್ದಿನಲ್ಲಿ
ಕೇಳಿಸಿರಲಿಕ್ಕಿಲ್ಲ.